ಗಾಲಿಗೆ ತಿಳಿದ ನೆಲ

ಪಾರಿಸ ಮಗದುಮ್ಮನಿಗೆ ಕಾಲು ಮರಳಿ ಬಂದದ್ದು ಬೆಳಗಾವಿಯ ಉದ್ಯಮಬಾಗದ ಒಂದು ತಗಡಿನ ಶೆಡ್ಡಿನಲ್ಲಿ, ಹೆಂಡತಿಯ ಕೆಲಸದ ಮೇಜಿನ ಮೇಲೆ. ಕಾಲು ಎಂದರೆ ಗಾಲಿಕುರ್ಚಿಯ ಪಾದಪಟ್ಟಿಯ ಮೇಲೆ ಜೋಡಿಸಿಟ್ಟಂತಿದ್ದ ಅವನ ಆ ಎರಡು ಕಾಲುಗಳಲ್ಲ. ಅವು ಇದ್ದ ಹಾಗೇ ಇದ್ದವು. ಮೇಜಿನ ಮೇಲೆ ಊಟದ ತಟ್ಟೆಯಷ್ಟು ಅಗಲದ ಒಂದು ಯಂತ್ರವಿತ್ತು. ಎರಡು ಗಾಲಿ, ಮುಂದೆ ಮೊರದ ಹಾಗೆ ಇಳಿಜಾರಾದ ಉಕ್ಕಿನ ತಗಡು. ಕುಸುಮಾ ಗಂಡನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿದ್ದಳು, ಅವನಿಗೆ ಯಂತ್ರ ಕಾಣಬಾರದೆಂದು. ಅದರ ಎಡಗಾಲಿ ಹಲಗೆಯ ಮೇಲಿಂದ ಒಂದು ಮರಳುಕಾಗದದ ತುಂಡಿನ ಮೇಲೆ ಹತ್ತಿತು.

"ತಡಿ," ಅಂದ ಪಾರಿಸ. ಅವನ ಕೈ ಕುರ್ಚಿಯ ತೋಳನ್ನು ಹಿಡಿದುಕೊಂಡಿತ್ತು. "ಎಡಗಾಲಿಗಿ ಏನೋ ಒರಟು ಹತ್ತಾಕತ್ತೈತಿ."

ಕುಸುಮಾ ಬಲಗಾಲಿಯ ಕೆಳಗೆ ಒದ್ದೆ ಅರಿವೆ ಮಡಚಿಟ್ಟು ಯಂತ್ರವನ್ನು ಮೆಲ್ಲಗೆ ಮುಂದೆ ಬಿಟ್ಟಳು.

"ಈಗ ಬಲಗಾಲ. ಮೆತ್ತಗೈತಿ, ಸ್ವಲ್ಪ ಒಳಗ ಹೋಕ್ಕೈತಿ. ಗರಡಿ ಮಣ್ಣಿಗೆ ಎಣ್ಣಿ ಮಜ್ಜಿಗಿ ಹಾಕಿ ಹದಾ ಮಾಡ್ತಾರಲ್ಲ, ಆ ಥರಾ ಐತಿ." ಅವನು ಗೋಡೆಯನ್ನೇ ನೋಡುತ್ತಿದ್ದ. "ಕುಸುಮಾ, ಇದ ಖರೇನ? ನೀ ಏನರ ಮಾಡಾಕತ್ತೀ, ಇಲ್ಲಾ ನಾನ ಅನ್ಕೊಳ್ಳಾಕತ್ತೀನಿ?"

"ಖರೇ ಐತಿ," ಅಂದಳು ಕುಸುಮಾ. ಅವನ ಕುರ್ಚಿಯನ್ನು ಮೇಜಿನ ಕಡೆ ತಿರುಗಿಸಿ ಯಂತ್ರವನ್ನು ತೋರಿಸಿದಳು.

ಪಾರಿಸ ಪೈಲ್ವಾನನಾಗಿದ್ದ. ಚಿಕ್ಕೋಡಿ, ಅಥಣಿ, ಗಡಿಯಾಚೆಯ ಸಾಂಗಲಿವರೆಗೂ ಅವನ ಕುಸ್ತಿ ನೋಡಲು ಜನ ಸೇರುತ್ತಿತ್ತು. ಅವನನ್ನು ಕೆಡವಿದ್ದು ಮಾತ್ರ ಯಾವ ಪೈಲ್ವಾನನೂ ಅಲ್ಲ. ತಿರುವಿನಲ್ಲಿ ಮಗುಚಿದ ಒಂದು ಕಬ್ಬಿನ ಟ್ರೇಲರು. ಬೆನ್ನುಹುರಿ ತುಂಡಾಗಿ ಸೊಂಟದ ಕೆಳಗಿನದೆಲ್ಲ ಅವನ ಪಾಲಿಗೆ ಇಲ್ಲವಾಯಿತು. ಮದುವೆಯಾಗಿ ಬಹಳ ದಿನವಾಗಿರಲಿಲ್ಲ. ಕುಸುಮಾ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿದವಳು, ಸಣ್ಣ ಮೋಟಾರುಗಳ ಕಾರ್ಖಾನೆ ನಡೆಸುತ್ತಿದ್ದವಳು. ಅವಳು ಕೆಲಸ ಬಿಡಲಿಲ್ಲ. ಪಾರಿಸನ ತಾಯಿ ಅಕ್ಕಾತಾಯಿ ಹಳ್ಳಿಯ ಮನೆಗೆ ಬೀಗ ಹಾಕಿ ಬಂದು ಮಗನ ಹತ್ತಿರ ನಿಂತಳು.

ಧಾರವಾಡದ ಹೊರವಲಯದ ಒಂದು ನರವಿಜ್ಞಾನ ಕೇಂದ್ರದಲ್ಲಿ ಡಾಕ್ಟರ್ ಶಾಲ್ಮಲಾ ಎಂಬವರು ಆಗಷ್ಟೇ ಒಂದು ವಸ್ತುವನ್ನು ಮನುಷ್ಯರಲ್ಲಿ ಕೂರಿಸಲು ಶುರುಮಾಡಿದ್ದರು. ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗಿನ ಹಾಳೆ ಅದು. ಬೆನ್ನುಹುರಿ ತುಂಡಾದ ಜಾಗದ ಮೇಲ್ಭಾಗದಲ್ಲಿ ಅದನ್ನು ಅಂಟಿಸಿ ಹೊರಗಿನಿಂದ ಸಣ್ಣ ವಿದ್ಯುತ್ ಸಂಕೇತ ಕಳಿಸಿದರೆ, ಮೆದುಳು ಅದನ್ನು ಪಾದಕ್ಕೆ ಆದ ಸ್ಪರ್ಶವೆಂದು ಓದಿಕೊಳ್ಳುತ್ತಿತ್ತು. ಅದಕ್ಕೆ ಅವರು ಸೇತು ಎಂದು ಹೆಸರಿಟ್ಟಿದ್ದರು. ಕಾಲಿಗೆ ನಡಿಗೆಯ ಯಂತ್ರ ಕಟ್ಟಿಕೊಂಡವರಿಗೆ ನೆಲ ತಿಳಿಯಲಿ ಎಂಬುದು ಉದ್ದೇಶ. ಆದರೆ ಆ ಯಂತ್ರದ ಅಂಗಾಲಿನಲ್ಲಿ ಕೂರಿಸಿದ ಸೂಕ್ಷ್ಮ ಸೆನ್ಸರುಗಳು ನಾಲ್ಕು ಹೆಜ್ಜೆಗೇ ಒಡೆದು ಹೋಗುತ್ತಿದ್ದವು. ಹೀಗೆ ಸೇತು ಇತ್ತು, ಅದರ ಮೇಲೆ ದಾಟಿಸುವುದಕ್ಕೆ ಏನೂ ಇರಲಿಲ್ಲ. ಪಾರಿಸನ ಬೆನ್ನಿನಲ್ಲೂ ಅದು ಸುಮ್ಮನೆ ಕೂತಿತ್ತು.

"ಮೇಡಂ, ಸೆನ್ಸರ್ ಯಾಕ ಬೇಕು?" ಎಂದು ಒಂದು ದಿನ ಕುಸುಮಾ ಕೇಳಿದ್ದಳು. "ಮೋಟಾರಿಗೇ ಎಲ್ಲಾ ತಿಳೀತೈತಿ."

ಅವಳು ಮಾಡುತ್ತಿದ್ದದ್ದು ಬ್ರಷ್ ಇಲ್ಲದ ಮೋಟಾರು. ನಡುವೆ ಕಬ್ಬಿಣದ ಹಲ್ಲುಗಳಿಗೆ ಸುತ್ತಿದ ತಾಮ್ರದ ತಂತಿ, ಹೊರಗೆ ಬಳೆಯ ಹಾಗೆ ತಿರುಗುವ ಅಯಸ್ಕಾಂತಗಳು. ಒಳಗಿನದು ಹೊರಗಿನದನ್ನು ಮುಟ್ಟುವುದೇ ಇಲ್ಲ. ಯಾವ ಸುರುಳಿಗೆ ಯಾವ ಗಳಿಗೆಯಲ್ಲಿ ವಿದ್ಯುತ್ ಕೊಡಬೇಕೆಂದು ಗೊತ್ತಾಗಬೇಕಾದರೆ ಅಯಸ್ಕಾಂತ ಎಲ್ಲಿದೆಯೆಂದು ಅದರ ಕಂಟ್ರೋಲರಿಗೆ ತಿಳಿದಿರಬೇಕು. ಅದಕ್ಕಾಗಿ ಅದು, ತಿರುಗುವ ಅಯಸ್ಕಾಂತ ಸುರುಳಿಯಲ್ಲಿ ಹುಟ್ಟಿಸುವ ಸಣ್ಣ ವಿದ್ಯುತ್ತನ್ನು ಎಡೆಬಿಡದೆ ಆಲಿಸುತ್ತಿರುತ್ತದೆ. ಗಾಲಿಗೆ ಒಂದು ಹರಳು ಅಡ್ಡ ಬಂದರೂ, ನೆಲ ಜಾರಿದರೂ, ಭಾರ ಬಿದ್ದರೂ ಆ ವಿದ್ಯುತ್ತು ಬದಲಾಗುತ್ತದೆ. ದೂಡುವ ಕೈಯೇ ಮುಟ್ಟಿ ನೋಡುವ ಕೈಯೂ ಆಗಿರುತ್ತದೆ. ಇಷ್ಟನ್ನು ಕುಸುಮಾ ಕಾಗದದ ಮೇಲೆ ಗೀಚಿ ತೋರಿಸಿದಾಗ ಡಾಕ್ಟರ್ ಶಾಲ್ಮಲಾ ಚಹಾ ಆರಿಹೋಗುವವರೆಗೂ ಅದನ್ನೇ ನೋಡುತ್ತ ಕೂತಿದ್ದರು.

ಕೈಗೆ ಸಿಕ್ಕ ಮೋಟಾರನ್ನೇ ಕುಸುಮಾ ಮೊದಲು ತಂತಿಯಿಲ್ಲದೆ ಸೇತುವಿಗೆ ಜೋಡಿಸಿದಳು; ಮೇಜಿನ ಮೇಲಿನ ಯಂತ್ರದಲ್ಲಿದ್ದದ್ದು ಅದೇ. ಆ ದಿನಗಳಲ್ಲಿ ಅವಳ ಶೆಡ್ಡಿನಿಂದ ಹೆಚ್ಚಾಗಿ ಹೋಗುತ್ತಿದ್ದದ್ದು ಯಂತ್ರಕಾಳಗದ ಮೋಟಾರುಗಳು. ಊರೂರಿಗೆ ಗಾಜಿನ ಅಖಾಡ ಎದ್ದಿದ್ದ ಕಾಲ. ಒಂದು ಕೈಯಲ್ಲಿ ಎತ್ತಬಹುದಾದ ಪುಟ್ಟ ಯಂತ್ರಗಳು ಅದರೊಳಗೆ ಹೊಡೆದಾಡುತ್ತಿದ್ದವು; ಹೊರಗೆ ಜನ ಕೂಗುತ್ತಿದ್ದರು. ಆ ಪೆಟ್ಟು ತಾಳಬೇಕಾದರೆ ಗಾಲಿ ತಿರುಗಿಸುವ ಮೋಟಾರು ಗಟ್ಟಿಯಿರಬೇಕು. ಕುಸುಮಾಳದು ಚಪ್ಪಟೆಯಾದ, ಅಗಲವಾದ, ದಪ್ಪ ತಂತಿಯ ಮೋಟಾರು. ಗಾಲಿಗೆ ನೇರವಾಗಿ ಕೂರುತ್ತಿತ್ತು, ನಡುವೆ ಹಲ್ಲುಚಕ್ರಗಳಿಲ್ಲ. ಅಯಸ್ಕಾಂತಗಳು ಸಿಡಿದು ಹೋಗದ ಹಾಗೆ ಸುತ್ತ ನೂಲು ಬಿಗಿದು ಅಂಟು ಹಾಕುತ್ತಿದ್ದಳು.

ಮರುವಾರವೇ ಪಾರಿಸ ಹಳೆಯ ಗರಡಿಗೆ ಹೋಗಬೇಕೆಂದ. ವ್ಯಾನಿನಲ್ಲಿ ಕುರ್ಚಿ ಏರಿಸಿಕೊಂಡು ಕುಸುಮಾ ಕರೆದುಕೊಂಡು ಹೋದಳು. ಕೆಮ್ಮಣ್ಣಿನ ಮೇಲೆ ಆ ಯಂತ್ರವನ್ನು ಇಟ್ಟಾಗ ತಾಲೀಮು ಮಾಡುತ್ತಿದ್ದವರು ನಿಂತು ನೋಡಿದರು. ಪಾರಿಸ ಮಂಡಿಯ ಮೇಲಿನ ಗುಂಡಿಪಟ್ಟಿಯಲ್ಲಿ ಬೆರಳಾಡಿಸಿ ಯಂತ್ರವನ್ನು ಅಖಾಡದ ಅಂಚಿನುದ್ದಕ್ಕೂ ನಡೆಸಿದ. ಒಂದು ಮೂಲೆಯಲ್ಲಿ ನಿಲ್ಲಿಸಿ, "ಇಲ್ಲಿ ಮಣ್ಣು ಬಿರುಸಾಗೈತಿ. ಅಗದ ಹಾಕ್ರಿ, ಯಾರರ ಬಿದ್ರ ಭುಜಾ ಮುರಕೋತಾರ," ಅಂದ. ಒಬ್ಬ ಸನಿಕೆ ತಂದು ಅಗೆದು ನೋಡಿದ. ಅಲ್ಲಿ ಮಣ್ಣು ಗಟ್ಟಿಯೇ ಆಗಿತ್ತು.

ವಾಪಸು ಬರುವಾಗ ಪಾರಿಸ ಹೇಳಿದ: "ಅಖಾಡಕ್ಕ ಹೋಗೂಣ."

"ಯಾವ ಅಖಾಡ?"

"ನಿನ್ನ ಮೋಟಾರು ಹೊಡದಾಡ್ತಾವಲ್ಲ, ಆ ಗಾಜಿನದು. ನಡ್ಯಾಕಂತೂ ಆಗೂದಿಲ್ಲ ನನಗ. ಒತ್ತೂದರ ಒತ್ತತೀನಿ."

ಕುಸುಮಾ ಬೇಡವೆನ್ನಲಿಲ್ಲ. ಅಪಘಾತವಾದ ಮೇಲೆ ಅವನು ಏನನ್ನಾದರೂ ಬೇಕೆಂದು ಕೇಳಿದ್ದು ಅದೇ ಮೊದಲು.

ಯಂತ್ರಕ್ಕೆ ಹೋರಿ ಎಂದು ಹೆಸರಿಟ್ಟರು. ಅಕ್ಕಾತಾಯಿ ಮಾತ್ರ ಅದನ್ನು ತಗಡಿನ ಇಲಿ ಎಂದೇ ಕರೆದಳು. ಬೇರೆಯವರ ಯಂತ್ರಗಳಿಗೆ ಗಿರಗಿರ ತಿರುಗುವ ಗರಗಸ, ಸುತ್ತಿಗೆ, ಉಕ್ಕಿನ ದಿಂಡುಗಳಿರುತ್ತಿದ್ದವು. ಹೋರಿಗೆ ಯಾವ ಆಯುಧವೂ ಇರಲಿಲ್ಲ. ಎದುರಾಳಿಯ ಕೆಳಗೆ ಮೊರವನ್ನು ತೂರಿಸಿ, ಎತ್ತಿ, ಗೋಡೆಗೆ ಒತ್ತುವುದೊಂದೇ ಅದರ ಪಟ್ಟು. ಬೇರೆಯವರು ಕಣ್ಣಿನಿಂದ ನೋಡಿ ಆಡುತ್ತಿದ್ದರು. ಪಾರಿಸ ಕಣ್ಣು ಅರೆ ಮುಚ್ಚಿಕೊಂಡಿರುತ್ತಿದ್ದ. ಎದುರಾಳಿಯ ಭಾರ ತನ್ನ ಮೇಲೆ ಬಂದ ಗಳಿಗೆ ಅವನ ಹಿಮ್ಮಡಿಗೆ ತಿಳಿಯುತ್ತಿತ್ತು. ಆಗ ಒತ್ತಿದನೆಂದರೆ ಬಿಡುತ್ತಿರಲಿಲ್ಲ. ಕುಸ್ತಿಯಲ್ಲೂ ಅವನದು ಅದೇ ಆಟವಾಗಿತ್ತು.

ಗೆದ್ದ. ಬೆಳಗಾವಿಯಲ್ಲಿ ಗೆದ್ದ, ಗೋಕಾಕದಲ್ಲಿ, ನಿಪ್ಪಾಣಿಯಲ್ಲಿ ಗೆದ್ದ. ಎದುರಾಳಿಯ ಗರಗಸ ಗಾಲಿಗೆ ಬಡಿದಾಗ ಕುರ್ಚಿಯಲ್ಲಿ ಅವನ ಮೈಯೆಲ್ಲ ಬಿಗಿಯುತ್ತಿತ್ತು, ಹಲ್ಲು ಕಚ್ಚುತ್ತಿದ್ದ, ಆಮೇಲೆ ನಗುತ್ತಿದ್ದ. ಕಾಳಗಗಳೆಲ್ಲ ಸಂಜೆಯೇ. ಹೊತ್ತು ಮುಳುಗಿದ ಮೇಲೆ ಊಟ ಮಾಡದ ಜೈನರ ಮನೆ ಅದು. ಮಗ ಬರುವುದರೊಳಗೆ ಹೊತ್ತು ಮುಳುಗಿಬಿಡುತ್ತಿತ್ತು, ಅಕ್ಕಾತಾಯಿ ಮಗನಿಲ್ಲದೆ ಉಣ್ಣುತ್ತಿರಲಿಲ್ಲ. ಹಾಗಾಗಿ ಕಾಳಗದ ದಿನ ತಾಯಿ ಮಗ ಇಬ್ಬರೂ ಉಪವಾಸ. "ನಿನ್ನ ಇಲಿ ಸಂಬಂಧ ನನ್ನ ಪುಣ್ಯಾ ಹೆಚ್ಚಾಗಾಕತ್ತೈತಿ ನೋಡಪಾ," ಎಂದು ಅವಳು ಹೇಳುವಾಗ ಅವಳ ಮುಖದಲ್ಲಿ ಸಂತೋಷವೇ ಇರುತ್ತಿತ್ತು.

ಹಗಲು ಶೆಡ್ಡಿನಲ್ಲಿ ಕುಸುಮಾ ತಂತಿ ಸುತ್ತುತ್ತಿದ್ದಳು. ಎದುರಿಗೆ ಪಾರಿಸ ಕತ್ತರಿ ಹಿಡಿದು ಮೋಟಾರಿನ ಕಬ್ಬಿಣದ ಹಲ್ಲುಗಳ ನಡುವೆ ಹಾಕುವ ಕಾಗದ ಕತ್ತರಿಸಿ ಕೊಡುತ್ತಿದ್ದ. ಮೋಟಾರಿನ ಒಳಗು ಹೊರಗು ಅವನಿಗೆ ಚೆನ್ನಾಗಿ ಗೊತ್ತಾಗಿತ್ತು. ಅವರಿಬ್ಬರ ಮಾತೆಲ್ಲ ಆಗ ನೆಲದ್ದೇ ಆಗಿತ್ತು. ಗೋಕಾಕದ ಅಖಾಡದಲ್ಲಿ ಒಂದು ಹಲಗೆ ಸಡಿಲವಿತ್ತು, ನಿಪ್ಪಾಣಿಯದು ಜಿಡ್ಡು ಜಿಡ್ಡು, ಹೀಗೆ. ಡಾಕ್ಟರ್ ಶಾಲ್ಮಲಾ ಇನ್ನೂ ಅನೇಕರಿಗೆ ಸೇತು ಕೂರಿಸಿದರು, ಕುಸುಮಾ ಅವರಿಗೆ ಗಾಲಿ ಮಾಡಿ ಕಳಿಸಿದಳು. ಸವದತ್ತಿಯ ಕಡೆಯ ಹೆಣ್ಣುಮಗಳೊಬ್ಬಳು ತನ್ನ ಪುಟ್ಟ ಯಂತ್ರವನ್ನು ಅಂಗಳದಲ್ಲಿ ಮಗಳ ಹಿಂದೆ ಓಡಿಸುತ್ತಿದ್ದಳಂತೆ. ಮಗಳು ಆ ಯಂತ್ರವನ್ನೇ ಅವ್ವ ಎಂದು ಕರೆಯುತ್ತಿದ್ದಳಂತೆ. ಈ ಸುದ್ದಿ ಬಂದ ದಿನ ಶೆಡ್ಡಿನಲ್ಲಿ ಇಬ್ಬರೂ ಬಹಳ ಹೊತ್ತು ಕೆಲಸ ಮಾಡದೆ ಕೂತಿದ್ದರು.

ಒಂದು ಬೆಳಿಗ್ಗೆ ಕಾಗದ ಕತ್ತರಿಸುತ್ತಿದ್ದ ಪಾರಿಸನ ಕೈಯಿಂದ ಕತ್ತರಿ ಜಾರಿ ಬಿತ್ತು. ಕುಸುಮಾ ಎತ್ತಿಕೊಟ್ಟಳು. ಮತ್ತೆ ಬಿತ್ತು.

"ಬೆರಳಿಗೆ ಜೋಮು ಹಿಡದಂಗ ಆಗೈತಿ," ಅಂದ. "ನಾಕೈದ ದಿನ ಆತು."

ಧಾರವಾಡದಲ್ಲಿ ಡಾಕ್ಟರ್ ಶಾಲ್ಮಲಾ ಪರದೆಯ ಮೇಲೆ ಚಿತ್ರ ತೋರಿಸಿದರು. ಸೇತುವಿನ ಸುತ್ತ ಬೆನ್ನುಹುರಿಯ ಮೇಲೆ ಬಿಳಿಯ ಗಾಯದ ಕಲೆಯಂಥದ್ದು ಬೆಳೆದಿತ್ತು, ಗೋಡೆಯಲ್ಲಿ ತೇವ ಏರಿದ ಹಾಗೆ ಮೇಲಕ್ಕೆ ಹತ್ತಿತ್ತು.

"ನಮಗ ಇದು ಗೊತ್ತಿರಲಿಲ್ಲ," ಅಂದರು ಅವರು. ಅವರ ದನಿ ಸಣ್ಣದಾಗಿತ್ತು. "ಸಂಕೇತ ಹೋದಷ್ಟೂ ಸುತ್ತಲಿನ ಭಾಗ ಗಟ್ಟಿ ಆಗ್ಲಿಕ್ಕತ್ತದ. ಎಲ್ಲಾರಿಗೂ ಸ್ವಲ್ಪ ಅದ. ನಿಮಗ ಭಾಳ ಅದ, ಯಾಕಂದ್ರ ನೀವು ಹೊಡತಾ ತಿಂತೀರಿ. ಕೈಗೆ ಬಂದದ ಈಗ. ಇನ್ನೂ ಮ್ಯಾಲೆ ಹೋದ್ರ ಉಸಿರಿಗೆ ಬರ್ತದ. ಸೇತು ತಗೀಬೇಕು, ಪಾರಿಸ ಅವರ."

"ತಗದ ಮ್ಯಾಲ ಮತ್ತ ಹಾಕಾಕ ಬರತೈತೇನ್ರಿ?"

"ಇಲ್ಲ."

ಪಾರಿಸ ತನ್ನ ಪಾದಗಳ ಕಡೆ ನೋಡಿದ. "ಹಂಗಾರ ಬ್ಯಾಡ್ರಿ," ಅಂದ.

ತೆಗೆಸಿಬಿಡು ಎಂದು ಕುಸುಮಾ ಅಲ್ಲೇ ಹೇಳಿದಳು, ದಾರಿಯಲ್ಲಿ ಹೇಳಿದಳು, ಮನೆಯಲ್ಲಿ ಹೇಳಿದಳು. ಅಕ್ಕಾತಾಯಿ ಮಗನ ಗಲ್ಲ ಹಿಡಿದು ಹೇಳಿದಳು. ಅವನು ಸಿಟ್ಟಾಗಲಿಲ್ಲ. "ಎಷ್ಟ ದಿನ ನಡೀತಾವು ಅಷ್ಟ ದಿನ ನಡೀಲಿ," ಎಂದಷ್ಟೇ ಅನ್ನುತ್ತಿದ್ದ. "ಒಮ್ಮೆ ಕಳಕೊಂಡೇನಿ. ನಾನಾಗೇ ಹೋಗಿ ಎರಡನೇ ಸಲ ಕೊಟ್ಟ ಬರೂದು ನನ್ನ ಕೈಲೆ ಆಗೂದಿಲ್ಲ." ಅವನ ಒಪ್ಪಿಗೆಯಿಲ್ಲದೆ ಡಾಕ್ಟರು ಮುಟ್ಟುವ ಹಾಗಿರಲಿಲ್ಲ. ಹೊರಡುವಾಗ ಅವರು ಕುಸುಮಾಳನ್ನು ಕರೆದು ಒಂದು ಮಾತು ಹೇಳಿದ್ದರು: ಆ ಕಲೆ ದಪ್ಪವಾಗುತ್ತ ಹೋದರೆ ಒಂದು ದಿನ ಕಾಲಿನ ಸ್ಪರ್ಶ ತಾನಾಗಿಯೇ ನಿಂತು ಹೋದರೂ ಹೋದೀತು, ಆದರೆ ಅಷ್ಟರೊಳಗೆ ಕೈ ಉಳಿಯಲಿಕ್ಕಿಲ್ಲ.

ಆ ಮಾತು ಕುಸುಮಾಳ ತಲೆಯಲ್ಲಿ ಕೂತುಬಿಟ್ಟಿತು. ಸ್ಪರ್ಶ ತಾನಾಗಿಯೇ ನಿಂತು ಹೋದರೆ ಅವನೂ ಬಿಟ್ಟುಕೊಡುತ್ತಾನೆ. ಕೈ ಹೋಗುವುದಕ್ಕಿಂತ ಮೊದಲು ನಿಲ್ಲಬೇಕು, ಅಷ್ಟೇ.

ಅವಳು ಹೊಸ ಮೋಟಾರು ಮಾಡತೊಡಗಿದಳು. ಹೆಬ್ಬೆರಳಿನಷ್ಟು ದಪ್ಪ, ಬಹಳ ವೇಗದ್ದು. ಆ ವೇಗವನ್ನು ತಗ್ಗಿಸಿ ಬಲವಾಗಿ ಮಾಡಲು ಗಾಲಿಗೂ ಅದಕ್ಕೂ ನಡುವೆ ಹಲ್ಲುಚಕ್ರಗಳ ಒಂದು ಸುತ್ತು. ಚಕ್ರಗಳು ಹೆಚ್ಚಾದಷ್ಟು ಒತ್ತುವ ಬಲ ಹೆಚ್ಚುತ್ತದೆ. ಆದರೆ ಗಾಲಿಗೆ ತಾಗಿದ್ದು ಮೋಟಾರಿಗೆ ಮುಟ್ಟುವುದರೊಳಗೆ ಆ ಹಲ್ಲುಗಳ ಉಜ್ಜಾಟದಲ್ಲಿ, ಜಿಡ್ಡಿನಲ್ಲಿ ಕರಗಿ ಹೋಗುತ್ತದೆ. ಮೋಟಾರು ದೂಡಬಲ್ಲದು, ಆದರೆ ಅದಕ್ಕೆ ಏನೂ ಕೇಳಿಸುವುದಿಲ್ಲ. ಮೊದಲ ಜೋಡಿಯಲ್ಲಿ ಅವಳು ಒಂದೇ ಸುತ್ತು ಚಕ್ರ ಹಾಕಿದಳು.

"ಜೋರೈತಿ ಇದು," ಅಂದ ಪಾರಿಸ, ಶೆಡ್ಡಿನ ನೆಲದ ಮೇಲೆ ಹೋರಿಯನ್ನು ಓಡಿಸಿ. ಆಮೇಲೆ ಹುಬ್ಬು ಗಂಟಿಕ್ಕಿದ. "ಆದ್ರ ನೆಲ ಸ್ವಲ್ಪ ದೂರ ಆಗೈತಿ. ಕಾಲಚೀಲ ಹಾಕ್ಕೊಂಡಂಗ."

"ಹೊಸಾದಲ್ಲ, ರೂಢಿ ಆಗಬೇಕು," ಅಂದಳು ಕುಸುಮಾ.

ಎರಡನೆಯ ಜೋಡಿಗೆ ಎರಡು ಸುತ್ತು. ಆಗ ಅವನು ಮರಳುಕಾಗದದ ಮೇಲೆ ಯಂತ್ರವನ್ನು ಹಿಂದೆ ಮುಂದೆ ಮಾಡಿ, ಕಣ್ಣು ಮುಚ್ಚಿ, ಕತ್ತು ಓರೆಮಾಡಿ, ದೂರದಲ್ಲಿ ಯಾರೋ ಕರೆದದ್ದು ಕೇಳಿತೋ ಇಲ್ಲವೋ ಅನ್ನುವವನ ಹಾಗೆ ಕೂತ. "ಮೋಟಾರಿನಿಂದ ಬರೂದು ಬರೋಬ್ಬರಿ ಬರಾಕತ್ತೈತೇನು?" ಎಂದು ಕೇಳಿದ.

ಕುಸುಮಾ ಪರದೆಯ ಮೇಲೆ ಹಳೆಯ ಮೋಟಾರು ಹಿಂದೆ ಕಳಿಸಿದ್ದ ಸಂಕೇತದ ಗೆರೆಗಳನ್ನು, ಹೊಸದರದೆಂಬಂತೆ, ತೆರೆದು ತೋರಿಸಿದಳು. "ನೋಡು. ಎಲ್ಲಾ ಬರಾಕತ್ತೈತಿ."

ಅವನು ಆ ಗೆರೆಗಳನ್ನು ನೋಡಿದ. "ಹಂಗಾರ ಕಾಲ ಹೊಂಟಾವ," ಅಂದ.

ಅವಳು ಬಿಸಿಯಾದ ಬೆಸುಗೆಕಡ್ಡಿಯನ್ನು ಎತ್ತಿಕೊಂಡು ಇಲ್ಲದ ಕೆಲಸವೊಂದನ್ನು ಮಾಡತೊಡಗಿದಳು. ಅಲ್ಲಿಯೇ ಹೇಳಿಬಿಡಬೇಕೆಂದು ಅನ್ನಿಸಿತ್ತು ಅವಳಿಗೆ. ಆದರೆ ಆ ಬೆಳಿಗ್ಗೆ ಅವನು ಅಂಗಿಯ ಗುಂಡಿ ಹಾಕಿಕೊಳ್ಳಲಾರದೆ ತಾಯಿಯನ್ನು ಕರೆದಿದ್ದ.

ವರ್ಷದ ಕೊನೆಯ ಕಾಳಗ ಹುಬ್ಬಳ್ಳಿಯಲ್ಲಿ ನಡೆಯಿತು. ಹೋರಿಗೆ ಮೂರು ಸುತ್ತಿನ ಚಕ್ರದ ಮೋಟಾರು ಹಾಕಿತ್ತು. ಅದಕ್ಕಿಂತ ಒಳ್ಳೆಯ ಮೋಟಾರನ್ನು ಕುಸುಮಾ ಅದುವರೆಗೆ ಮಾಡಿರಲಿಲ್ಲ. ಸದ್ದಿಲ್ಲ, ನಡುಕವಿಲ್ಲ, ಗೋಡೆಯನ್ನೇ ಸರಿಸುವಂಥ ಬಲ. ಪಾರಿಸ ಮೊದಲ ಬಾರಿಗೆ ಕಣ್ಣು ಪೂರ್ತಿ ತೆರೆದು ಆಡಿದ. ತಪ್ಪುತಪ್ಪಾಗಿ ನುಗ್ಗಿದ, ತಡವಾಗಿ ತಿರುಗಿದ. ಆದರೂ ಹೋರಿಯ ಮುಂದೆ ಯಾವುದೂ ನಿಲ್ಲಲಿಲ್ಲ. ಕೊನೆಯ ಎದುರಾಳಿಯ ದಿಂಡು ಗಾಲಿಗೆ ಬಂದು ಬಡಿದು ಕಿಡಿ ಹಾರಿದಾಗ ಜನ ಎದ್ದು ನಿಂತರು. ಕುಸುಮಾ ಗಂಡನನ್ನು ನೋಡಿದಳು. ಅವನ ಮೈ ಅಲುಗಲಿಲ್ಲ. ಎದುರಾಳಿಯನ್ನು ಗೋಡೆಗೆ ಒತ್ತಿ ಹಿಡಿದ. ಗಂಟೆ ಹೊಡೆಯಿತು. ಇಡೀ ಮಂಟಪ ಅವನ ಹೆಸರು ಕೂಗುತ್ತಿರುವಾಗ ಅವನು ಗುಂಡಿಪಟ್ಟಿಯನ್ನು ಮಂಡಿಯ ಮೇಲೆ ಇಟ್ಟು ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿದ.

ವ್ಯಾನು ಕಿತ್ತೂರು ದಾಟಿತು. ಆಗ ಪಾರಿಸ ಹೇಳಿದ: "ಗೆದ್ದಿದ್ದು ನಿನ್ನ ಮೋಟಾರು. ನಾ ಸುಮ್ಮ ಗುಂಡಿ ಒತ್ತೇನಿ." ಗುಂಡಿಪಟ್ಟಿಯನ್ನು ಪಕ್ಕಕ್ಕೆ ಸರಿಸಿ, "ಡಾಕ್ಟರಿಗೆ ಫೋನ್ ಮಾಡು. ತಗಸೂಣ. ಸತ್ತದ್ದನ್ನ ಬೆನ್ನಾಗ ಇಟ್ಕೊಂಡ ಏನ ಮಾಡ್ಲಿ?"

ಕುಸುಮಾ ವ್ಯಾನನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿ ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಅತ್ತಳು. ಹಿಂದಿನಿಂದ ಅವನು ಕೈ ಚಾಚಿ ಅವಳ ಭುಜ ಮುಟ್ಟಿದ. ಆ ಬೆರಳುಗಳಿಗೆ ಸರಿಯಾಗಿ ಹಿಡಿಯಲೂ ಬರುತ್ತಿರಲಿಲ್ಲ.

"ನೀ ಯಾಕ ಅಳತಿ?" ಅಂದ. "ನೀ ಮಾಡೂದೆಲ್ಲಾ ಮಾಡಿದಿ."

ಆಪರೇಶನ್ನಿನ ದಿನ ಬರುವವರೆಗೆ ಮನೆಯಲ್ಲಿ ಸಾವಾದಂತಿತ್ತು. ಪಾರಿಸ ಗರಡಿಯವರಿಗೆ ಹೇಳಿ ಕಳಿಸಿದ, ಇನ್ನು ಬರುವುದಿಲ್ಲ ಎಂದು. ಬೆಳಗಿನ ಬಿಸಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಕಾಲಿಗೆ ಎಣ್ಣೆ ಹಚ್ಚು ಎಂದು ತಾಯಿಯನ್ನು ಕೇಳಿದ. ಅಕ್ಕಾತಾಯಿ ನೆಲಕ್ಕೆ ಕೂತು ಮಗನ ಪಾದ, ಮೀನಖಂಡ, ಮೊಣಕಾಲಿಗೆ ನಿಧಾನವಾಗಿ ಎಣ್ಣೆ ತಿಕ್ಕಿದಳು. ಅವನು ಅವಳ ಕೈಯನ್ನು ನೋಡುತ್ತ ಸದ್ದಿಲ್ಲದೆ ಅಳುತ್ತಿದ್ದ. ಕುಸುಮಾ ಅಡಿಗೆಮನೆಯ ಬಾಗಿಲಲ್ಲಿ ನಿಂತು ಇದನ್ನು ನೋಡಿದಳು. ಮರುದಿನವೂ ನೋಡಿದಳು. ಒಂದು ಮಾತು ಹೇಳಿದರೆ ಅವನ ಅಳು ನಿಲ್ಲುತ್ತದೆ, ಅವನ ಒಪ್ಪಿಗೆಯೂ ನಿಲ್ಲುತ್ತದೆ. ಅವಳು ಒಳಗೆ ಹೋಗಿ ಹಿಟ್ಟು ನಾದಿದಳು.

ಧಾರವಾಡದಲ್ಲಿ ಆಪರೇಶನ್ನಿಗೆ ಮುಂಚೆ ಒಂದು ಪರೀಕ್ಷೆಯಿತ್ತು. ಸೇತು ಬೆನ್ನುಹುರಿಗೆ ಎಷ್ಟು ಅಂಟಿದೆ ಎಂದು ನೋಡಲು ಡಾಕ್ಟರ್ ಶಾಲ್ಮಲಾ ತಮ್ಮ ಯಂತ್ರದಿಂದ ನೇರವಾಗಿ ಸಂಕೇತ ಕಳಿಸಬೇಕಾಗಿತ್ತು. ಕುಸುಮಾಳಿಗೆ ಇದು ಗೊತ್ತಿರಲಿಲ್ಲ. ಪಾರಿಸನನ್ನು ಮಂಚದ ಮೇಲೆ ಮಗ್ಗುಲಾಗಿ ಮಲಗಿಸಿ ತಂತಿ ಜೋಡಿಸುವಾಗ ಅವಳು ಗೋಡೆಯ ಹತ್ತಿರ ನಿಂತಿದ್ದಳು.

"ಏನರ ಗೊತ್ತಾದ್ರ ಹೇಳ್ರಿ," ಅಂದರು ಡಾಕ್ಟರು.

"ಏನ ಗೊತ್ತಾಗೂದೈತ್ರಿ ಇನ್ನ," ಅಂದ ಪಾರಿಸ. ತಕ್ಷಣ ಕತ್ತೆತ್ತಿದ. "ಹೆಬ್ಬೆರಳು," ಅಂದ. "ಎಡಗಾಲ ಹೆಬ್ಬೆರಳು."

ಡಾಕ್ಟರು ಗುಂಡಿ ತಿರುಗಿಸಿದರು. ಅಂಗಾಲು, ಅಂದ. ಹಿಮ್ಮಡಿ, ಅಂದ. ಬಲಗಾಲಿನ ಹೊರಅಂಚು, ಕಿರುಬೆರಳು, ಅಂದ. ಪ್ರತಿಯೊಂದನ್ನು ಹೇಳುವಾಗಲೂ ಅವನ ದನಿ ಇನ್ನಷ್ಟು ತಗ್ಗುತ್ತ ಹೋಯಿತು.

"ಎಲ್ಲಾ ಛಲೋನ ಅದ," ಅಂದರು ಡಾಕ್ಟರ್ ಶಾಲ್ಮಲಾ, ಪರದೆಯಿಂದ ಕಣ್ಣೆತ್ತದೆ. "ಹಂಗಾದ್ರ ನಿಮಗ ಗಾಲಿಂದ ಯಾಕ ಗೊತ್ತಾಗ್ತಿರಲಿಲ್ಲ? ಸಂಕೇತನ ಬರ್ತಿರಲಿಲ್ಲೇನು?"

ಪಾರಿಸ ಕತ್ತು ತಿರುಗಿಸಿ ಕುಸುಮಾಳನ್ನು ಹುಡುಕಿದ. ಅವಳ ಮುಖ ನೋಡಿದ ಮೇಲೆ ಅವನು ಹೆಚ್ಚು ಕೇಳಬೇಕಾಗಲಿಲ್ಲ. ಆ ಮೋಟಾರುಗಳನ್ನು ಜೋಡಿಸುವಾಗ ಎದುರಿಗೆ ಕೂತಿದ್ದವನೇ ಅವನು.

"ಹಲ್ಲುಚಕ್ರ?" ಅಂದ.

"ಹೌದು," ಅಂದಳು ಕುಸುಮಾ.

ಡಾಕ್ಟರು ಒಮ್ಮೆ ಅವಳನ್ನು, ಒಮ್ಮೆ ಅವನನ್ನು ನೋಡಿ, ತಂತಿಗಳನ್ನು ಬಿಡಿಸಿ, ಇವತ್ತೇ ಆಗಬೇಕೆಂದೇನಿಲ್ಲ, ವಿಚಾರ ಮಾಡಿ ಹೇಳಬಹುದು ಎಂದು ಹೊರಗೆ ಹೋದರು. ಕೋಣೆಯಲ್ಲಿ ಇಬ್ಬರೇ ಉಳಿದರು. ಕಿಟಕಿಯ ಹೊರಗೆ ಯಾರೋ ಹುಲ್ಲು ಕತ್ತರಿಸುತ್ತಿದ್ದರು.

"ಹಳೇ ಮೋಟಾರು ಹಂಗ ಇಟ್ಟೇನಿ," ಅಂದಳು ಕುಸುಮಾ. "ಏನೂ ಆಗಿಲ್ಲ ಅವಕ್ಕ. ಇವತ್ತ ಬ್ಯಾಡ. ಮನಿಗೆ ಹೋಗೂಣ. ಗರಡಿಗೆ ಹೋಗೂಣ. ಒಮ್ಮೆ ನೀ ಅಡ್ಡಾಡು. ಮನಸ ತುಂಬೂತನಾ ಅಡ್ಡಾಡು, ಆಮ್ಯಾಲ ಬರೂಣ."

ಪಾರಿಸ ತನ್ನ ತೊಡೆಯ ಮೇಲೆ ಕೈಯಿಟ್ಟುಕೊಂಡ.

"ಅವ್ವ ಎಣ್ಣಿ ಹಚ್ಚೂಮುಂದ ನೀ ಬಾಗಲದಾಗ ನಿಂತಿದ್ದಿ," ಅಂದ.

"ಹೌದು."

"ನಾ ಅಳೂದ ನೋಡ್ಕೋತ ನಿಂತಿದ್ದಿ. ಇವು ಜೀವಂತ ಅದಾವು ಅನ್ನೂದು ಗೊತ್ತಿದ್ದೂ."

"ನಿನ್ನ ಕೈ ಹೊಂಟಿದ್ದುವು," ಅಂದಳು ಅವಳು. "ಉಸಿರ ಹೋಗತಿತ್ತು. ನಾ ಏನ ಮಾಡ್ಲಿ?"

"ಮೋಟಾರು ಮಾಡಿದ್ದಕ್ಕ ಏನೂ ಅನ್ನೂದಿಲ್ಲ ನಾ. ನಿನ್ನ ಜಾಗಾದಾಗ ನಾ ಇದ್ರೂ ಮಾಡತಿದ್ದೆನೇನೋ." ಅವನು ಮುಖವನ್ನು ಗೋಡೆಯ ಕಡೆ ಹೊರಳಿಸಿದ. "ಆದ್ರ ಗರಡಿಗೆ ಒಯ್ಯಬ್ಯಾಡ. ಇವಕ್ಕ ಅಳೂದಷ್ಟು ಅತ್ತ ಮುಗಿಸೇನಿ. ಇನ್ನೊಮ್ಮೆ ಎದ್ದ ನಿಂತು, ಇನ್ನೊಮ್ಮೆ ಹೋದ್ರ, ಮತ್ತ ಮೊದಲಿಂದ ಅಳಾಕ ನನ್ನ ಹತ್ರ ಏನೂ ಉಳದಿಲ್ಲ. ಡಾಕ್ಟರನ್ನ ಕರಿ."

ಅವಳು ಕರೆದಳು.

ಸೇತು ತೆಗೆದ ಮೇಲೆ ಬಿಳಿಯ ಕಲೆ ಬೆಳೆಯುವುದು ನಿಂತಿತು. ಬೆರಳುಗಳ ಜೋಮು ನಿಧಾನವಾಗಿ ಇಳಿಯಿತು. ಅವನು ಮತ್ತೆ ಗುಂಡಿ ಹಾಕಿಕೊಂಡ, ಕತ್ತರಿ ಹಿಡಿದ. ಆದರೆ ಶೆಡ್ಡಿಗೆ ಬರಲಿಲ್ಲ. ಡಾಕ್ಟರ್ ಶಾಲ್ಮಲಾ ಒಬ್ಬೊಬ್ಬರನ್ನೇ ಕರೆಸಿ ಸೇತು ಬಿಚ್ಚಿದರು. ಸವದತ್ತಿಯ ಕಡೆಯ ಹೆಣ್ಣುಮಗಳು ಬರಲೇ ಇಲ್ಲವೆಂದು, ಕಾಗದಕ್ಕೂ ಫೋನಿಗೂ ಉತ್ತರವಿಲ್ಲವೆಂದು ಕುಸುಮಾ ಕೇಳಿದಳು. ಹುಬ್ಬಳ್ಳಿಯಲ್ಲಿ ಗೆದ್ದ ಮೋಟಾರಿಗೆ ಎಲ್ಲೆಲ್ಲಿಂದಲೋ ಬೇಡಿಕೆ ಬಂತು. ಅವಳು ಅದನ್ನು ಮಾಡಿ ಮಾಡಿ ಕಳಿಸಿದಳು, ಒಂದು ಯಂತ್ರಕಾಳಗಕ್ಕೂ ಹೋಗಲಿಲ್ಲ.

ಮನೆಯಲ್ಲಿ ಪಾರಿಸ ಕುಸುಮಾಳಿಗೆ ಕೆಟ್ಟ ಮಾತಾಡಲಿಲ್ಲ. ಮಾತೇ ಆಡಲಿಲ್ಲ. ಬೇಕಾದ್ದನ್ನು ತಾಯಿಗೆ ಹೇಳುತ್ತಿದ್ದ. ತಾಯಿ ಸೊಸೆಗೆ ಹೇಳುತ್ತಿದ್ದಳು. ಅಕ್ಕಾತಾಯಿ ಇಬ್ಬರಿಗೂ ಬೈಯಲಿಲ್ಲ. ಬಿಸಿಲು ಇರುವಾಗಲೇ ಮೂವರೂ ಕೂತು ಉಣ್ಣುತ್ತಿದ್ದರು, ತಟ್ಟೆಯ ಸದ್ದು ಬಿಟ್ಟರೆ ಬೇರೆ ಸದ್ದಿರುತ್ತಿರಲಿಲ್ಲ.

ಮತ್ತೆ ಚಳಿಗಾಲ ಬಂತು. ಗರಡಿಯವರು ಬಂದು ಕೈಮುಗಿದು, ಕಲಿಸುವವರಿಲ್ಲ, ನೀವು ಕುರ್ಚಿಯಲ್ಲಿ ಕೂತೇ ಹೇಳಿಕೊಡಿ ಎಂದರು. ಬಹಳ ಸಲ ಇಲ್ಲವೆಂದು ಕೊನೆಗೆ ಪಾರಿಸ ಹೋದ. ಆಮೇಲೆ ದಿನವೂ ಹೋಗತೊಡಗಿದ. ಅವರೇ ಕರೆದೊಯ್ದು ಅವರೇ ತಂದು ಬಿಡುತ್ತಿದ್ದರು.

ಒಂದು ಮಧ್ಯಾಹ್ನ ಅವನು ಬಂದಾಗ ಅಕ್ಕಾತಾಯಿ ಬಸದಿಗೆ ಹೋಗಿದ್ದಳು. ಕುಸುಮಾ ಬಾಗಿಲು ತೆರೆದು ಕುರ್ಚಿಯನ್ನು ಒಳಗೆ ಎಳೆದುಕೊಂಡಳು. ಹಾಸುಗಲ್ಲಿನ ಮೇಲೆ ಕೆಂಪು ಕಲೆ ಬಿತ್ತು. ಬಗ್ಗಿ ನೋಡಿದರೆ ಅವನ ಬಲಪಾದ ಪಾದಪಟ್ಟಿಯಿಂದ ಜಾರಿ ಎಲ್ಲಿಯೋ ನೆಲಕ್ಕೆ ಉಜ್ಜಿಕೊಂಡು ಬಂದಿತ್ತು. ಕಿರುಬೆರಳ ಪಕ್ಕದ ಚರ್ಮ ಸುಲಿದು ಹೋಗಿ ರಕ್ತಕ್ಕೆ ಮಣ್ಣು ಮೆತ್ತಿಕೊಂಡಿತ್ತು. ಕರೆತಂದವರಿಗೂ ಗೊತ್ತಾಗಿರಲಿಲ್ಲ. ಅವನಿಗಂತೂ ಗೊತ್ತಾಗುವ ಹಾಗೇ ಇರಲಿಲ್ಲ.

ಅವಳು ಬೋಗುಣಿಯಲ್ಲಿ ಬೆಚ್ಚಗಿನ ನೀರು ತಂದಳು. ನೆಲಕ್ಕೆ ಕೂತು ಆ ಪಾದವನ್ನು ಮಡಿಲಿಗೆ ಎತ್ತಿಕೊಂಡು, ಹರಳು ತೆಗೆದು, ಮಣ್ಣು ತೊಳೆದಳು. ಅವನು ಮೇಲಿನಿಂದ ನೋಡುತ್ತಿದ್ದ. ಗಾಯವನ್ನಲ್ಲ, ಅವಳ ಮುಖವನ್ನು ನೋಡುತ್ತಿದ್ದ.

"ಭಾಳ ಆಗೈತೇನು?" ಎಂದು ಕೇಳಿದ.

ಅವಳ ಕೈ ನಿಂತಿತು. ಇಷ್ಟು ತಿಂಗಳಲ್ಲಿ ಅವನು ತನಗೇ ಹೇಳಿದ ಮೊದಲ ಮಾತು ಅದು ಎಂದು ಅವಳಿಗೆ ಗೊತ್ತಿತ್ತು. ಅವಳು ಗಾಯವನ್ನು ಸರಿಯಾಗಿ ನೋಡಿದಳು, ಬೆರಳಿನಿಂದ ಅಂಚನ್ನು ಮುಟ್ಟಿ ನೋಡಿದಳು.

"ಭಾಳ ಇಲ್ಲ," ಅಂದಳು. "ನೀರ ಹತ್ತಿತಲ್ಲ, ಸ್ವಲ್ಪ ಉರಿಯಾಕತ್ತೈತಿ."

ಪಾರಿಸ ತಲೆಯಾಡಿಸಿದ. "ಹಂಗಾರ ಮೆಲ್ಲಕ ಒರಸು," ಅಂದ.

ಅವಳು ಮೆಲ್ಲಗೆ ಒರೆಸಿದಳು.